ಬೇಯಿಸುವ ಮೊದಲೇ ಕೆಂಪಾಗಿದ್ದ ಸಿಗಡಿ: ಆಳಗಡಲಿನ ಬಗ್ಗೆ ಗೊತ್ತಿದ್ದವರು ಹೇಳಿ

ಶಿರಿಯದ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಕುಂಬಳೆ ಕಡೆಯ ಒಂದು ಕನ್ನಡ ಮೀಡಿಯಂ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಮೇ ಕೊನೆಯಲ್ಲಿ ನನ್ನ ತಮ್ಮ ಮಂಗಳೂರು ದಕ್ಕೆಯಿಂದ ಒಂದು ತೊಟ್ಟೆ ಸಿಗಡಿ ತಂದ. ತೊಳೆಯಲು ಪಾತ್ರೆಗೆ ಸುರಿದವಳು ಹಾಗೇ ನಿಂತುಬಿಟ್ಟೆ. ಬೇಯಿಸುವ ಮೊದಲೇ ಅವು ಕೆಂಪಾಗಿದ್ದವು, ಕುಂಕುಮದ ಹಾಗೆ. ನಾವು ತಿನ್ನುವ ಸಿಗಡಿ ಬಾಣಲೆಗೆ ಬಿದ್ದ ಮೇಲೆ ತಾನೇ ಕೆಂಪಾಗುವುದು? ಮೂತಿಯ ಮುಳ್ಳು ಉದ್ದ, ಚಿಪ್ಪು ಗಟ್ಟಿ, ಬೆನ್ನಿನಲ್ಲಿ ಸಣ್ಣ ಗೂನು. ಕೆಲವುದರ ಹೊಟ್ಟೆಯಡಿಯಲ್ಲಿ ಮೊಟ್ಟೆಯ ಗೊಂಚಲು. ಅವುಗಳ ನಡುವೆ ಬೆರಳುದ್ದದ ಎರಡು ಕಪ್ಪು ಮೀನುಗಳಿದ್ದವು. ಕಣ್ಣು ಆ ಮೈಗೆ ತೀರಾ ದೊಡ್ಡದು. ಹೊಟ್ಟೆಯ ಬದಿಯಲ್ಲಿ ಮುತ್ತು ಪೋಣಿಸಿದ ಹಾಗೆ ಸಾಲಾಗಿ ಚುಕ್ಕೆಗಳು.

ತಮ್ಮನಿಗೆ ಗೊತ್ತಿದ್ದುದು ಇಷ್ಟೇ: "ಕೊಲ್ಲಂ ಕಡೆಯ ಮಾಲು ಅಕ್ಕ, ಆಳದ್ದು." ಅಮ್ಮ ಹುಟ್ಟಿ ಬೆಳೆದದ್ದೆಲ್ಲ ಕಡಲ ಬದಿಯಲ್ಲಿ. ಅವರೂ ಇಂಥದ್ದು ನೋಡಿರಲಿಲ್ಲ.

ನಾಲ್ಕು ಸಿಗಡಿ, ಆ ಎರಡು ಮೀನು ಬಾಟಲಿಗೆ ಹಾಕಿಟ್ಟು ಜೂನ್‌ನಲ್ಲಿ ಶಾಲೆಗೆ ಒಯ್ದೆ. ಮಕ್ಕಳು ಕೇಳಿದ ಪ್ರಶ್ನೆಗಳು ಇವು. ಬೆಳಕೇ ಇಲ್ಲದ ಕಡೆ ಬಣ್ಣ ಯಾಕೆ? ಅಷ್ಟು ನೀರಿನ ಭಾರಕ್ಕೆ ಅವು ಅಪ್ಪಚ್ಚಿ ಆಗುವುದಿಲ್ವಾ? ಅಲ್ಲಿ ತಿನ್ನಲು ಏನಿದೆ? ಕೊನೆಗೆ ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಕೇಳಿದಳು, "ನಾವು ಅದನ್ನು ತಂದು ತಿಂದರೆ ಅಲ್ಲಿ ಖಾಲಿ ಆಗುವುದಿಲ್ವಾ ಟೀಚರ್?"

ಮೊದಲ ಮೂರಕ್ಕೆ ಹೇಗೋ ಉತ್ತರ ಹೇಳಿದೆ. ನಾಲ್ಕನೆಯದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಇಲ್ಲಿ ಕಡಲಿಗೆ ಹೋಗುವವರು ಇದ್ದೀರಿ, ಓದಿದವರೂ ಇದ್ದೀರಿ. ದಯವಿಟ್ಟು ಕನ್ನಡದಲ್ಲೇ ಬರೆಯಿರಿ. ನೀವು ಬರೆದದ್ದನ್ನು ಕ್ಲಾಸಿನಲ್ಲಿ ಓದಿ ಹೇಳುತ್ತೇನೆ.

ಮಂಜೇಶ್ವರ ತಂಡೇಲ

ಟೀಚರ್, ಆ ಸಿಗಡಿ ನನಗೆ ಗೊತ್ತು. ನಾನು ಎರಡು ಸೀಸನ್ ಕೊಲ್ಲಂ ಹತ್ತಿರದ ಶಕ್ತಿಕುಳಂಗರ ಬಂದರಿನ ಬೋಟಿನಲ್ಲಿ ದುಡಿದಿದ್ದೇನೆ. ಈಗ ಟ್ರಾಲಿಂಗ್ ನಿಷೇಧ, ಬೋಟು ದಡದಲ್ಲಿ ಉಂಟು, ಬರೆಯಲು ಪುರುಸೊತ್ತು ಸಿಕ್ಕಿತು.

ಇಲ್ಲಿ ನಮ್ಮ ಕಡೆ ಸಿಗಡಿಗೆ ಬಲೆ ಹಾಕುವುದು ಹತ್ತು ಹದಿನೈದು ಮಾರಿನಲ್ಲಿ (ಒಂದು ಮಾರು ಅಂದರೆ ಸುಮಾರು ಆರು ಅಡಿ), ಜಾಸ್ತಿ ಅಂದರೆ ಐವತ್ತು ಮಾರು. ಅಲ್ಲಿ ನಾವು ಹಾಕುತ್ತಿದ್ದದ್ದು 150, 200 ಮಾರಿನಲ್ಲಿ. ಬಲೆ ಬಿಟ್ಟ ಮೇಲೆ ವಿಂಚಿನಿಂದ ರೋಪು ಹೋಗುತ್ತಲೇ ಇರುತ್ತದೆ, ಮುಗಿಯುವುದೇ ಇಲ್ಲ. ಎಳೆದು ಮೇಲೆ ತರಲು ಗಂಟೆಗಟ್ಟಲೆ ಬೇಕು. ಬಲೆ ಬಿಚ್ಚಿದಾಗ ಮುಟ್ಟಿದರೆ ಕೈ ಮರಗಟ್ಟುವಷ್ಟು ತಣ್ಣಗೆ. ಏಪ್ರಿಲ್ ಬಿಸಿಲಿನಲ್ಲೂ ಹಾಗೇ.

ಸಿಗಡಿಯ ಜೊತೆ ಬರುವುದನ್ನು ನೋಡಬೇಕು ನೀವು. ಕಣ್ಣು ಹೊರಗೆ ಬಂದ ಮೀನು, ಹೊಟ್ಟೆ ಬಾಯಿಗೆ ಬಂದ ಮೀನು. ಹಸಿರು ಕಣ್ಣಿನ ಸಣ್ಣ ಶಾರ್ಕು. ನೀವು ಹೇಳಿದ ಮುತ್ತಿನ ಸಾಲಿನ ಮೀನು ಬುಟ್ಟಿಗಟ್ಟಲೆ ಬರುತ್ತದೆ, ಅದಕ್ಕೆ ನಮ್ಮಲ್ಲಿ ಹೆಸರೇ ಇಲ್ಲ. ಮಾಲು ಆಗುವುದು ಸಿಗಡಿ ಮಾತ್ರ. ಉಳಿದದ್ದು ಫಿಶ್‌ಮೀಲಿಗೆ, ಇಲ್ಲವೇ ವಾಪಸ್ ಕಡಲಿಗೆ. ವಾಪಸ್ ಹಾಕಿದ್ದು ಯಾವುದೂ ಬದುಕುವುದಿಲ್ಲ. ಅದು ನನಗೂ ಗೊತ್ತಿತ್ತು.

ಇನ್ನೊಂದು ಹೇಳುತ್ತೇನೆ. ಕೆಲವೊಮ್ಮೆ ಬಲೆಗೆ ಮರದ ಕೊಂಬೆಯ ಹಾಗಿರುವುದು ಸಿಕ್ಕುತ್ತಿತ್ತು. ಕಪ್ಪು, ಗಟ್ಟಿ, ಸಣ್ಣ ಸಣ್ಣ ಕವಲು. ಬಲೆ ಹರಿಯುತ್ತದೆ ಅಂತ ಕತ್ತಿಯಲ್ಲಿ ಕಡಿದು ಬಿಸಾಡುತ್ತಿದ್ದೆವು. ಅದು ಏನು ಅಂತ ಯಾರಾದರೂ ಹೇಳಿದರೆ ಉಪಕಾರ.

ಕೊಚ್ಚಿಯ ಕುಂಬಳೆ ಹುಡುಗಿ

ಟೀಚರ್, ತಂಡೇಲಣ್ಣ, ನಾನು ಕಡಲ ಜೀವಿಗಳ ಬಗ್ಗೆ ಓದುತ್ತಿರುವವಳು. ಊರು ಕುಂಬಳೆ, ಈಗ ಇರುವುದು ಕೊಚ್ಚಿಯಲ್ಲಿ. ಒಂದೊಂದಾಗಿ ಹೇಳುತ್ತೇನೆ.

ಬೆನ್ನು ಗೂನು ಅಂದಿರಲ್ಲ, ಅದರಿಂದಲೇ ಗುರುತು ಹಿಡಿಯಬಹುದು. ಅದು ಹೆಟೆರೊಕಾರ್ಪಸ್ ಗಿಬ್ಬೋಸಸ್ ಇರಬೇಕು. ಲ್ಯಾಟಿನ್‌ನಲ್ಲಿ ಗಿಬ್ಬೋಸಸ್ ಅಂದರೆ ಗೂನುಳ್ಳದ್ದು ಅಂತಲೇ ಅರ್ಥ. ಕೊಲ್ಲಂನ ಎದುರಿಗೆ ಕ್ವಿಲಾನ್ ಬ್ಯಾಂಕ್ ಅನ್ನುವ ಜಾಗ ಇದೆ. ಅಲ್ಲಿ 1999-2000ರ ಸುಮಾರಿಗೆ ಆಳದ ಸಿಗಡಿ ಹಿಡಿಯುವುದು ಜೋರಾಗಿ ಶುರುವಾಯಿತು. ಹೆಟೆರೊಕಾರ್ಪಸ್, ಪ್ಲೆಸಿಯೋನಿಕ, ಅರಿಸ್ಟಿಯಸ್ ಹೀಗೆ ನಾಲ್ಕೈದು ಬಗೆ. ಇದರಲ್ಲಿ ಅರಿಸ್ಟಿಯಸ್‌ಗೆ ರೇಟು ಜಾಸ್ತಿ, ಹೊರದೇಶಕ್ಕೆ ಹೋಗುತ್ತದೆ. ಅದರ ಪೂರ್ತಿ ಹೆಸರು ಅರಿಸ್ಟಿಯಸ್ ಆಲ್ಕಾಕಿ. ನೂರು ವರ್ಷಕ್ಕೂ ಹಿಂದೆ 'ಇನ್ವೆಸ್ಟಿಗೇಟರ್' ಎಂಬ ಸರ್ವೇ ಹಡಗಿನಲ್ಲಿ ನಮ್ಮ ಕಡಲಿನ ಆಳಕ್ಕೆ ಬಲೆ ಬಿಟ್ಟು, ಬಂದದ್ದನ್ನೆಲ್ಲ ಬರೆದಿಟ್ಟ ಆಲ್ಕಾಕ್ ಅವರ ನೆನಪಿಗೆ ಇಟ್ಟದ್ದು.

ಕೆಂಪು ಯಾಕೆ ಅಂದರೆ, ಸೂರ್ಯನ ಬೆಳಕಿನಲ್ಲಿರುವ ಕೆಂಪನ್ನು ನೀರು ಮೊದಲೇ ನುಂಗಿಬಿಡುತ್ತದೆ. ಕೆಳಗೆ ಇಳಿದ ಹಾಗೆ ಉಳಿಯುವುದು ನೀಲಿ ಮಾತ್ರ. 200 ಮೀಟರ್ ಕೆಳಗೆ ಗಿಡ, ಪಾಚಿ ಬದುಕುವಷ್ಟು ಬೆಳಕಿಲ್ಲ. 1000 ಮೀಟರ್ ಕೆಳಗೆ ಹಗಲು ಅನ್ನುವುದೇ ಇಲ್ಲ. ಕೆಂಪು ಬೆಳಕೇ ಇಲ್ಲದ ಕಡೆ ಕೆಂಪು ಮೈ ಕಪ್ಪಾಗಿ ಕಾಣುತ್ತದೆ. ನಮ್ಮ ಪಾತ್ರೆಯಲ್ಲಿ ಕಣ್ಣಿಗೆ ಹೊಡೆಯುವ ಬಣ್ಣ ಅಲ್ಲಿ ಅಡಗಿಕೊಳ್ಳುವ ಬಣ್ಣ.

ನೀರಿನ ಭಾರ ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಏರುತ್ತದೆ. 400 ಮೀಟರಿನಲ್ಲಿ ನಮಗಿಂತ ಸುಮಾರು ನಲವತ್ತು ಪಟ್ಟು. ಆದರೂ ಸಿಗಡಿ ಅಪ್ಪಚ್ಚಿ ಆಗುವುದಿಲ್ಲ, ಏಕೆಂದರೆ ಅದರ ಮೈಯಲ್ಲಿ ಗಾಳಿಯ ಚೀಲ ಇಲ್ಲ. ಒಳಗೂ ನೀರು, ಹೊರಗೂ ನೀರು. ಮಕ್ಕಳಿಗೆ ತೋರಿಸಲು ಎರಡು ಬಲೂನು ಸಾಕು. ಒಂದಕ್ಕೆ ಗಾಳಿ, ಒಂದಕ್ಕೆ ಗಾಳಿಯ ಗುಳ್ಳೆ ಇಲ್ಲದ ಹಾಗೆ ನೀರು ತುಂಬಿ. ಎರಡನ್ನೂ ಆಳಕ್ಕೆ ಇಳಿಸಿದರೆ ಕುಗ್ಗುವುದು ಗಾಳಿಯದ್ದು. ತಂಡೇಲಣ್ಣ ಹೇಳಿದ ಕಣ್ಣು ಹೊರಬಂದ ಮೀನುಗಳಿಗೆ ಗಾಳಿಯ ಚೀಲ ಇರುತ್ತದೆ. ಮೇಲೆ ತರುವಾಗ ಅದು ಉಬ್ಬುತ್ತದೆ.

ಮುತ್ತಿನ ಸಾಲಿನ ಮೀನು ಲ್ಯಾಂಟರ್ನ್ ಮೀನು. ಆ ಮುತ್ತುಗಳು ದೀಪಗಳು! ಕೆಳಗಿನಿಂದ ನೋಡುವ ದೊಡ್ಡ ಮೀನಿಗೆ ಇದರ ಹೊಟ್ಟೆ ಕಪ್ಪು ನೆರಳಾಗಿ ಕಾಣಬೇಕಿತ್ತು. ಮೇಲಿನಿಂದ ಬರುವ ಮಸುಕು ಬೆಳಕಿಗೆ ಸರಿಯಾಗುವಷ್ಟೇ ಹೊಟ್ಟೆಯ ದೀಪ ಉರಿಸಿ ಅದು ತನ್ನ ನೆರಳನ್ನೇ ಅಳಿಸಿಬಿಡುತ್ತದೆ.

ಕೊಂಬೆಯ ವಿಷಯ ನಾಳೆ ಬರೆಯುತ್ತೇನೆ ಅಣ್ಣ. ಅದನ್ನು ಎರಡು ಸಾಲಿನಲ್ಲಿ ಮುಗಿಸಲು ಮನಸ್ಸಿಲ್ಲ.

ಮೊಗ್ರಾಲ್ ಬದಿ

ದೀಪದ ಮೀನು ಓದಿ ನೆನಪಾಯಿತು. ಕೆಲವು ರಾತ್ರಿ ಅಳಿವೆ ಬಾಗಿಲಲ್ಲಿ ನೀರಿಗೆ ಕೈ ಹಾಕಿದರೆ ನೀಲಿ ಕಿಡಿ ಏಳುತ್ತದಲ್ಲ, ಮಲಯಾಳದವರು ಕವರ್ ಅನ್ನುತ್ತಾರೆ. ಎರಡೂ ಒಂದೇನಾ?

ಕೊಚ್ಚಿಯ ಕುಂಬಳೆ ಹುಡುಗಿ

ಬೆಳಕು ಹುಟ್ಟುವ ಬಗೆ ಹತ್ತಿರದ್ದೇ, ಮೈಯೊಳಗಿನ ರಸಾಯನದಿಂದ. ಆದರೆ ಕವರ್ ಮಾಡುವುದು ಕಣ್ಣಿಗೆ ಕಾಣದ ಒಂಟಿ ಕಣದ ಜೀವಿಗಳು, ನೀರು ಅಲುಗಿದಾಗ ಮಿನುಗುತ್ತವೆ. ನಮಗೆ ದಡದಲ್ಲಿ ಅದು ಅಪರೂಪ. ಆಳದ ನೀರಿನಲ್ಲಿ ಈಜುವ ಜೀವಿಗಳಲ್ಲಿ ಹೆಚ್ಚಿನವು ಬೆಳಕು ಮಾಡುತ್ತವೆ.

ಶಿರಿಯದ ಟೀಚರ್

ಬಲೂನಿನ ಪಾಠ ನಿನ್ನೆಯೇ ಮಾಡಿದೆ, ಶಾಲೆಯ ಬಾವಿಯಲ್ಲಿ. ಬಾವಿ ಅಷ್ಟು ಆಳ ಇಲ್ಲ, ಆದರೂ ಗಾಳಿಯ ಬಲೂನಿಗೆ ಕಲ್ಲು ಕಟ್ಟಿ ಇಳಿಸಿದಾಗ ಸಣ್ಣದಾದದ್ದು ಕಂಡಿತು. ಈಗ ಊಟದ ಪ್ರಶ್ನೆ ಬಾಕಿ ಇದೆ. ಅಲ್ಲಿ ಪಾಚಿಯೂ ಬೆಳೆಯದಿದ್ದರೆ ಅವು ತಿನ್ನುವುದು ಏನನ್ನು?

ಕೊಚ್ಚಿಯ ಕುಂಬಳೆ ಹುಡುಗಿ

ಹೆಚ್ಚಿನವು ಬದುಕುವುದು ಮೇಲಿನಿಂದ ಬೀಳುವುದರಲ್ಲಿ. ಸತ್ತ ಪ್ಲಾಂಕ್ಟನ್ (ನೀರಿನಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳು), ಮೀನಿನ ಹಿಕ್ಕೆ, ಸಿಗಡಿ ಕಳಚಿದ ಚಿಪ್ಪಿನ ಚೂರು, ಎಲ್ಲ ಅಂಟಿಕೊಂಡು ಪುಡಿಪುಡಿಯಾಗಿ ಇಳಿಯುತ್ತಲೇ ಇರುತ್ತದೆ. ತಳಕ್ಕೆ ಮುಟ್ಟಲು ವಾರಗಟ್ಟಲೆ ಬೇಕು. ದಾರಿಯಲ್ಲೇ ಮುಕ್ಕಾಲುಪಾಲು ಖಾಲಿ. ಕೆಳಗೆ ಸೇರುವುದು ಬಹಳ ಸಣ್ಣ ಪಾಲು. ಅದಕ್ಕೇ ಅಲ್ಲಿ ಎಲ್ಲವೂ ನಿಧಾನ. ಬೆಳೆಯುವುದು ನಿಧಾನ, ಮರಿ ಮಾಡುವುದು ನಿಧಾನ, ಸಾಯುವುದೂ ನಿಧಾನ. ಒಂದು ತಿಮಿಂಗಿಲ ಸತ್ತು ತಳಕ್ಕೆ ಬಿದ್ದರೆ ಅಲ್ಲಿನವರಿಗೆ ದಶಕಗಟ್ಟಲೆ ಊಟ. ಅದರ ಎಲುಬನ್ನೇ ಕೊರೆದು ಬದುಕುವ ಹುಳುಗಳಿವೆ.

ಲ್ಯಾಂಟರ್ನ್ ಮೀನು ಮಾತ್ರ ಬೀಳುವುದಕ್ಕೆ ಕಾಯುವುದಿಲ್ಲ. ಕತ್ತಲಾದ ಕೂಡಲೇ ನೂರಾರು ಮೀಟರ್ ಮೇಲೆ ಈಜಿ ಬಂದು, ಮೇಲಿನ ಪ್ಲಾಂಕ್ಟನ್ ತಿಂದು, ಬೆಳಗಾಗುವ ಮೊದಲು ಕೆಳಗೆ ಹೋಗುತ್ತದೆ. ದಿನಾ ಹೀಗೆಯೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೋನಾರ್ ಹಾಕಿ, ಅಂದರೆ ನೀರಿಗೆ ಶಬ್ದ ಬಿಟ್ಟು ಅದರ ಪ್ರತಿಧ್ವನಿ ಕೇಳಿದವರಿಗೆ ಕಡಲ ತಳವೇ ರಾತ್ರಿ ಮೇಲೆ ಬಂದು ಹಗಲು ಇಳಿದ ಹಾಗೆ ಕಂಡಿತ್ತು. ಅಷ್ಟು ದಟ್ಟವಾದ ಜೀವರಾಶಿ.

ನಮ್ಮ ಅರಬ್ಬಿ ಸಮುದ್ರದ್ದು ಇನ್ನೊಂದು ವಿಶೇಷ. ಇಲ್ಲಿ ಸುಮಾರು 150 ಮೀಟರಿನಿಂದ 1000 ಮೀಟರಿನವರೆಗೆ ಆಮ್ಲಜನಕ ತೀರಾ ಕಡಿಮೆ ಇರುವ ದಪ್ಪ ಪದರ ಇದೆ. ಜಗತ್ತಿನಲ್ಲೇ ಅತಿ ದಪ್ಪವಾದವುಗಳಲ್ಲಿ ಒಂದು. ಲ್ಯಾಂಟರ್ನ್ ಮೀನು ಹಗಲು ಹೋಗಿ ಅಡಗುವುದು ಅದರೊಳಗೆ. ಗಾಳಿ ಸಾಲದ ಆ ಕೋಣೆಗೆ ಕೇದರ (ಟ್ಯೂನಾ) ಮೀನು ಬೆನ್ನಟ್ಟಿ ಬರಲಾರದು.

ಮಳೆಗಾಲದಲ್ಲಿ ಏನಾಗುತ್ತದೆ ಗೊತ್ತಾ? ಗಾಳಿ ಬೀಸಿ ಮೇಲಿನ ಬೆಚ್ಚಗಿನ ನೀರು ದಡದಿಂದ ಆಚೆ ಸರಿಯುತ್ತದೆ. ಆ ಜಾಗಕ್ಕೆ ಕೆಳಗಿನ ತಣ್ಣೀರು ಮೇಲೇರುತ್ತದೆ. ಬಿದ್ದು ಕೊಳೆತದ್ದರ ಸಾರ ಅದರಲ್ಲಿ ಇರುತ್ತದೆ. ಅದೇ ಗೊಬ್ಬರ. ಅದಕ್ಕೆ ಬಿಸಿಲು ಸಿಕ್ಕಿದಾಗ ಪ್ಲಾಂಕ್ಟನ್ ಉಕ್ಕುತ್ತದೆ, ಅದನ್ನು ತಿನ್ನಲು ಬೂತಾಯಿ, ಬಂಗುಡೆ ಬರುತ್ತವೆ. ಕಾಸರಗೋಡಿನಲ್ಲಿ ಕೂತು ಬೂತಾಯಿ ಪುಳಿಮುಂಚಿ ತಿನ್ನುವ ನಮಗೂ ಆ ಕತ್ತಲಿಗೂ ನಂಟು ಇರುವುದು ಹೀಗೆ.

ಅದೇ ನೀರಿನ ಜೊತೆ ಆಮ್ಲಜನಕ ಕಡಿಮೆ ಇರುವ ಪದರವೂ ದಡದ ಕಡೆ ಏರುತ್ತದೆ. ಅದು ತೀರಾ ಜೋರಾದರೆ ತಳದ ಮೀನು ಓಡಿಹೋಗುತ್ತದೆ ಅಥವಾ ಸಾಯುತ್ತದೆ. ಹೊಳೆಯಿಂದ ಇಳಿಯುವ ಕೊಳಕು, ಬಿಸಿಯಾಗುತ್ತಿರುವ ಕಡಲು, ಎರಡೂ ಅದನ್ನು ಹೆಚ್ಚಿಸುತ್ತವೆ.

ಶಿರಿಯದ ಟೀಚರ್

ಹೀಗೆ ಪುಡಿಯಾಗಿ ಬೀಳುವುದಕ್ಕೆ ಇಂಗ್ಲಿಷಿನಲ್ಲಿ ಕಡಲ ಹಿಮ ಅನ್ನುವ ಅರ್ಥದ ಹೆಸರಿದೆ. ನಮ್ಮ ಮಕ್ಕಳು ಹಿಮ ಕಂಡವರಲ್ಲ. ನೀವೇ ಒಂದು ಹೆಸರು ಕೊಡಿ ಅಂದೆ. ಒಬ್ಬ "ಜಿಟಿಜಿಟಿ" ಅಂದ. ನಿಲ್ಲದೆ ಸಣ್ಣಗೆ ಬೀಳುವುದು ಅಲ್ವಾ, ಹಾಗಾಗಿ. ಈಗ ನಮ್ಮ ಕ್ಲಾಸಿನಲ್ಲಿ ಅದಕ್ಕೆ ಕಡಲ ಜಿಟಿಜಿಟಿ ಎಂದೇ ಹೆಸರು. ಇಲ್ಲಿ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತುಳು, ಬೀದಿಯಲ್ಲಿ ಮಲಯಾಳ, ಕ್ಲಾಸಿನಲ್ಲಿ ಕನ್ನಡ. ತಮ್ಮದೇ ಪದ ಸಿಕ್ಕಿದಾಗ ಅವರ ಮುಖ ನೋಡಬೇಕಿತ್ತು.

ಕೊಚ್ಚಿಯ ಕುಂಬಳೆ ಹುಡುಗಿ

ತಂಡೇಲಣ್ಣ, ಕೊಂಬೆಯ ವಿಷಯ. ನೋಡದೆ ಖಚಿತವಾಗಿ ಹೇಳಲಾರೆ. ನೀವು ಹೇಳಿದ ರೀತಿ ನೋಡಿದರೆ ಕಪ್ಪು ಹವಳ ಅಥವಾ ಬೀಸಣಿಗೆ ಹವಳ ಇರಬಹುದು. ಅವು ಗಿಡ ಅಲ್ಲ, ಪ್ರಾಣಿಗಳು. ಸಾವಿರಾರು ಸಣ್ಣ ಪ್ರಾಣಿಗಳು ಸೇರಿ ಕಟ್ಟಿದ ಮನೆ. ಹವಾಯಿಯ ಹತ್ತಿರ ಆಳದಲ್ಲಿ ಸಿಕ್ಕ ಒಂದು ಕಪ್ಪು ಹವಳದ ವಯಸ್ಸು ಅಳೆದಾಗ ನಾಲ್ಕು ಸಾವಿರ ವರ್ಷ ದಾಟಿತ್ತು. ನಮ್ಮ ದೇಶದಲ್ಲಿ ಕಪ್ಪು ಹವಳ, ಬೀಸಣಿಗೆ ಹವಳ ಎರಡೂ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಹುಲಿ ಇರುವ ಪಟ್ಟಿ.

ನಿಮ್ಮನ್ನು ದೂರಲು ಇದನ್ನು ಹೇಳುತ್ತಿಲ್ಲ ಅಣ್ಣ. ನಿಮಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಮಂಜೇಶ್ವರ ತಂಡೇಲ

ಓದಿದೆ. ಎರಡು ದಿನ ಏನೂ ಬರೆಯಲು ಆಗಲಿಲ್ಲ.

ಆದರೂ ನನ್ನ ಕಡೆಯದ್ದನ್ನೂ ಕೇಳಿ. ದಡದ ಹತ್ತಿರ ಮೀನು ಕಡಿಮೆಯಾಯಿತು. ಡೀಸೆಲ್ ರೇಟು ಏರಿತು. ಬ್ಯಾಂಕಿನ ಸಾಲ ಬೋಟು ಖಾಲಿ ಬಂದರೂ ನಿಲ್ಲುವುದಿಲ್ಲ. ಹಾಗಿದ್ದಾಗ ಆಳಕ್ಕೆ ಹೋಗಿ, ಅಲ್ಲಿ ಬೇಕಾದಷ್ಟು ಉಂಟು ಅಂತ ಹೇಳಿದವರು ಓದಿದವರೇ. ಸಬ್ಸಿಡಿ ಕೊಟ್ಟದ್ದೂ ಆಳಕ್ಕೆ ಹೋಗುವ ಬೋಟಿಗೆ. ಈಗ ಆಳಕ್ಕೂ ಹೋಗಬೇಡಿ ಅಂದರೆ ನಾವು ಎಲ್ಲಿಗೆ ಹೋಗುವುದು? ಕಲಾಸಿಗಳ ಮನೆಯಲ್ಲಿ ಒಲೆ ಉರಿಯಬೇಕಲ್ಲ?

ಕೊಚ್ಚಿಯ ಕುಂಬಳೆ ಹುಡುಗಿ

ನೀವು ಹೇಳಿದ್ದು ನ್ಯಾಯ. ಹೋಗಲೇಬೇಡಿ ಅಂತ ನಾನು ಹೇಳುವುದಿಲ್ಲ. ಎಂಟನೇ ಕ್ಲಾಸಿನ ಆ ಹುಡುಗಿಯ ಪ್ರಶ್ನೆಗೆ ಉತ್ತರವಾಗಿ ಇಷ್ಟು ಹೇಳುತ್ತೇನೆ: ಕೆಲವು ಮೀನು ಖಾಲಿಯಾದರೂ ತುಂಬಿಕೊಳ್ಳುತ್ತದೆ, ಕೆಲವು ತುಂಬಿಕೊಳ್ಳುವುದಿಲ್ಲ.

ಬೂತಾಯಿ ನೋಡಿ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿತ್ತು. 2021ರಲ್ಲಿ ಬರೀ 3,297 ಟನ್. ಎಲ್ಲರೂ ಕೈ ಚೆಲ್ಲಿದ್ದರು. ಮರುವರ್ಷ ಮತ್ತೆ ಲಕ್ಷ ಟನ್ ದಾಟಿತು. ಏಕೆಂದರೆ ಬೂತಾಯಿ ಒಂದು ವರ್ಷದೊಳಗೆ ಬೆಳೆದು ಮೊಟ್ಟೆ ಇಡುತ್ತದೆ.

ಈಗ ನೀವು ಕಂಡ ಹಸಿರು ಕಣ್ಣಿನ ಶಾರ್ಕು. ಅದರ ಪಿತ್ತಜನಕಾಂಗದ ಎಣ್ಣೆಗೆ ಭಾರಿ ಬೆಲೆ. ಮಾಲ್ಡೀವ್ಸ್‌ನಲ್ಲಿ 1980ರ ದಶಕದಲ್ಲಿ ಈ ಆಳದ ಶಾರ್ಕನ್ನು ಎಣ್ಣೆಗಾಗಿ ಹಿಡಿಯಲು ಶುರು ಮಾಡಿದರು. ಕೆಲವೇ ವರ್ಷ ಸುಗ್ಗಿ. ಆಮೇಲೆ ಕುಸಿದದ್ದು ಏಳಲೇ ಇಲ್ಲ. 2010ರಲ್ಲಿ ಆ ದೇಶ ಶಾರ್ಕ್ ಹಿಡಿಯುವುದನ್ನೇ ನಿಷೇಧಿಸಿತು. ಈ ಶಾರ್ಕು ಮೊಟ್ಟೆ ಇಡುವುದಿಲ್ಲ. ಪ್ರಾಯಕ್ಕೆ ಬರಲು ವರ್ಷಗಟ್ಟಲೆ ಬೇಕು, ಒಂದು ಸಲಕ್ಕೆ ಹಾಕುವುದು ಬೆರಳೆಣಿಕೆಯ ಮರಿ. ನ್ಯೂಜಿಲೆಂಡ್, ಆಸ್ಟ್ರೇಲಿಯಾದ ಆಳದಲ್ಲಿ ಆರೆಂಜ್ ರಫಿ ಎಂಬ ಮೀನಿದೆ. ಅದು ನೂರು ವರ್ಷಕ್ಕೂ ಜಾಸ್ತಿ ಬದುಕುತ್ತದೆ. ಅದನ್ನೂ ಹೀಗೇ ಬಳಿದು ಹಾಕಿದರು. ತಿನ್ನುವವರಿಗಿಂತ ತಟ್ಟೆಯ ಮೀನಿಗೇ ವಯಸ್ಸು ಜಾಸ್ತಿ ಇರುತ್ತಿತ್ತು.

ಸಿಗಡಿ ಇವೆರಡರ ನಡುವಿನದ್ದು. ಟೀಚರ್ ಹೊಟ್ಟೆಯಡಿಯ ಮೊಟ್ಟೆ ಹೇಳಿದರಲ್ಲ, ಅದೇ ಮುಖ್ಯ. ದಡದ ಸಿಗಡಿ ಲಕ್ಷಗಟ್ಟಲೆ ಮೊಟ್ಟೆಯನ್ನು ನೀರಿಗೆ ಬಿಟ್ಟು ಹೋಗುತ್ತದೆ. ಹೆಟೆರೊಕಾರ್ಪಸ್ ಹಾಗಲ್ಲ. ಮೊಟ್ಟೆ ಕಡಿಮೆ, ಮರಿ ಆಗುವವರೆಗೆ ತಾಯಿ ಹೊಟ್ಟೆಗೆ ಅಂಟಿಸಿಕೊಂಡೇ ತಿರುಗುತ್ತದೆ. ತಾಯಿ ಬಲೆಗೆ ಬಿದ್ದರೆ ಮುಂದಿನ ಪೀಳಿಗೆಯೂ ಅದೇ ಬಲೆಗೆ. ಹಾಗಾಗಿ ಮೊಟ್ಟೆ ಹೊತ್ತವು ಜಾಸ್ತಿ ಸಿಗುವ ತಿಂಗಳು ಯಾವುದು, ಜಾಗ ಯಾವುದು ಅಂತ ಗೊತ್ತಾದರೆ ಆ ತಿಂಗಳು, ಆ ಜಾಗ ಬಿಡಬಹುದು. ಹವಳ ಇರುವ ಕಡೆ ಬಲೆ ಎಳೆಯದೆ ಇರಬಹುದು. ಯುರೋಪಿನವರು 2016ರಲ್ಲಿ ತಮ್ಮ ಅಟ್ಲಾಂಟಿಕ್ ಕಡಲಿನಲ್ಲಿ 800 ಮೀಟರ್ ಕೆಳಗೆ ತಳದ ಟ್ರಾಲಿಂಗ್ ಬೇಡ ಅಂತ ಗೆರೆ ಎಳೆದರು. ನಮ್ಮಲ್ಲೂ ಒಂದು ಗೆರೆ ಬೇಕು. ಅದನ್ನು ಎಳೆಯುವಾಗ ತಂಡೇಲರು ಪಕ್ಕದಲ್ಲಿ ಕೂತಿರಬೇಕು.

ಉಪ್ಪಳ-ಚೆನ್ನೈ

ನಾನು ಬ್ಯಾಟರಿ ಕೆಲಸದಲ್ಲಿರುವ ಇಂಜಿನಿಯರ್. ಮೀನಿನ ವಿಷಯ ಒಪ್ಪುತ್ತೇನೆ. ಆದರೆ ಆಳಗಡಲು ಅಂದರೆ ಮುಟ್ಟಬಾರದ ಜಾಗ ಅಂತ ಮಕ್ಕಳಿಗೆ ಹೇಳಬೇಡಿ. ನಮ್ಮ ದೇಶ ಅಲ್ಲಿ ಮಾಡಿದ ಕೆಲಸವನ್ನೂ ಹೇಳಿ.

1981ರ ಜನವರಿ 26ರಂದು ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು 'ಗವೇಷಣಿ' ಹಡಗಿನಿಂದ ಹಿಂದೂ ಮಹಾಸಾಗರದ ತಳದ ಲೋಹದ ಗಂಟುಗಳನ್ನು ನಮ್ಮ ದೇಶದ ಪರವಾಗಿ ಮೊದಲ ಬಾರಿ ಮೇಲೆ ತಂದರು. ಬಟಾಟೆ ಗಾತ್ರದ ಕಪ್ಪು ಗಂಟು. ಒಳಗೆ ಮ್ಯಾಂಗನೀಸ್, ನಿಕ್ಕಲ್, ತಾಮ್ರ, ಕೋಬಾಲ್ಟ್. 1987ರಲ್ಲಿ ಭಾರತಕ್ಕೆ ಇದರಲ್ಲಿ ಮುಂಚೂಣಿ ದೇಶದ ಸ್ಥಾನ ಸಿಕ್ಕಿತು. ಈಗ ಮಧ್ಯ ಹಿಂದೂ ಮಹಾಸಾಗರದಲ್ಲಿ 75,000 ಚದರ ಕಿಲೋಮೀಟರ್ ಜಾಗದಲ್ಲಿ ಹುಡುಕುವ ಹಕ್ಕು ನಮಗಿದೆ. ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು (ಎನ್‌ಐಒಟಿ) ಕಟ್ಟುತ್ತಿರುವ ಮತ್ಸ್ಯ 6000 ಎಂಬ ಜಲಾಂತರ್ಗಾಮಿಯಲ್ಲಿ ಮೂವರು 6000 ಮೀಟರಿಗೆ ಇಳಿಯಬಹುದು. 2.1 ಮೀಟರ್ ಅಗಲದ ಟೈಟಾನಿಯಂ ಗೋಳ, ಗೋಡೆ 80 ಮಿಲಿಮೀಟರ್ ದಪ್ಪ. 2025ರ ಆಗಸ್ಟ್‌ನಲ್ಲಿ ನಮ್ಮವರು ಇಬ್ಬರು ಫ್ರಾನ್ಸಿನ ನೌಟೀಲ್ ಎಂಬ ಜಲಾಂತರ್ಗಾಮಿಯಲ್ಲಿ ಅಟ್ಲಾಂಟಿಕ್‌ನ ಆಳಕ್ಕೆ ಇಳಿದು ಬಂದರು, ಒಬ್ಬರು 5000 ಮೀಟರ್ ದಾಟಿದರು. ಇದೆಲ್ಲ ಹೆಮ್ಮೆ ಅಲ್ವಾ?

ನೆಲದ ಮೇಲಿನ ಗಣಿಯೂ ಕಾಡು ತಿನ್ನುತ್ತದೆ. ಕುದುರೆಮುಖ, ಬಳ್ಳಾರಿ ನೋಡಿದವರು ನಾವು. ಜನರಿಲ್ಲದ, ಕಾಡಿಲ್ಲದ ಕಡೆಯಿಂದ ಲೋಹ ತಂದರೆ ಅದೇ ಮೇಲು ಅಂತ ನನ್ನ ಅಭಿಪ್ರಾಯ.

ಕೊಚ್ಚಿಯ ಕುಂಬಳೆ ಹುಡುಗಿ

ಗವೇಷಣಿ, ಮತ್ಸ್ಯ ಎರಡೂ ನನಗೂ ಹೆಮ್ಮೆ. ಇಳಿದು ನೋಡಲೇಬೇಕು. ನನ್ನ ತಕರಾರು "ಏನೂ ಇಲ್ಲದ ಕಡೆ" ಅನ್ನುವ ಎಣಿಕೆಯ ಮೇಲೆ.

ಆ ಗಂಟು ಬೆಳೆಯುವುದು ಹತ್ತು ಲಕ್ಷ ವರ್ಷಕ್ಕೆ ಕೆಲವು ಮಿಲಿಮೀಟರ್. ಮೆತ್ತನೆ ಕೆಸರಿನ ಬಯಲಿನಲ್ಲಿ ಗಟ್ಟಿ ಅಂತ ಇರುವುದು ಅದೊಂದೇ. ಸ್ಪಂಜು, ಹವಳ ಅಂಟಿಕೊಳ್ಳುವುದು ಅದಕ್ಕೇ. ಗಂಟು ಎತ್ತಿದರೆ ಅವುಗಳ ನೆಲ ಹೋಯಿತು, ಮತ್ತೆ ಬರುವುದಿಲ್ಲ. ಪೆಸಿಫಿಕ್‌ನಲ್ಲಿ ಇಂಥ ಗಂಟಿನ ಬಯಲು ಕ್ಲಾರಿಯನ್-ಕ್ಲಿಪ್ಪರ್ಟನ್. 2023ರಲ್ಲಿ ಅಲ್ಲಿ ಕಂಡ ಜೀವಿಗಳ ಲೆಕ್ಕ ಹಾಕಿದಾಗ 5,578 ಬಗೆ ಸಿಕ್ಕಿತು. ಅದರಲ್ಲಿ ಸುಮಾರು ಹತ್ತರಲ್ಲಿ ಒಂಬತ್ತಕ್ಕೆ ವಿಜ್ಞಾನದಲ್ಲಿ ಹೆಸರೇ ಇಲ್ಲ. ತಂಡೇಲಣ್ಣನ ಬುಟ್ಟಿಯ ಮೀನಿನ ಹಾಗೆಯೇ.

1989ರಲ್ಲಿ ಜರ್ಮನಿಯ ವಿಜ್ಞಾನಿಗಳು ಪೆರುವಿನ ಎದುರಿಗೆ ಆಳದ ತಳದಲ್ಲಿ ಒಂದು ಪ್ರಯೋಗ ಮಾಡಿದರು. ನೇಗಿಲಿನಂಥದ್ದನ್ನು ಎಳೆದು ತಳವನ್ನು ಉತ್ತು, ಆಮೇಲೆ ಏನಾಗುತ್ತದೆ ನೋಡೋಣ ಅಂತ. 26 ವರ್ಷ ಬಿಟ್ಟು 2015ರಲ್ಲಿ ಹೋಗಿ ನೋಡಿದರೆ ಉತ್ತ ಗೆರೆ ಹಾಗೇ ಇತ್ತು, ನಿನ್ನೆ ಎಳೆದ ಹಾಗೆ. ನಮ್ಮ ಗೋವಾದ ಸಂಸ್ಥೆಯವರೂ 1997ರಲ್ಲಿ ನಮ್ಮ ಜಾಗದಲ್ಲಿ ಇಂಥ ಪ್ರಯೋಗ ಮಾಡಿದ್ದಾರೆ. ಅವಸರ ಬೇಡ ಅನ್ನುವ ಮಾತು ಹೊರಗಿನಿಂದ ಬಂದದ್ದಲ್ಲ, ಇಲ್ಲೂ ಹುಟ್ಟಿದ್ದು.

ಹಿಂದೂ ಮಹಾಸಾಗರದ ಬಿಸಿನೀರಿನ ಬುಗ್ಗೆಗಳಲ್ಲಿ ಒಂದು ಬಸವನ ಹುಳ ಇದೆ. ಕಾಲಿಗೆ ಕಬ್ಬಿಣ-ಗಂಧಕ ಸೇರಿದ ಖನಿಜ ಮೆತ್ತಿದ ಹುರುಪೆಗಳು, ಹಾವಿನ ಮೈಯಂತೆ. 2001ರಲ್ಲಿ ಮೊದಲು ಕಂಡದ್ದು. ನಮ್ಮ ಮಹಾಸಾಗರ ಬಿಟ್ಟು ಬೇರೆಲ್ಲೂ ಕಂಡಿಲ್ಲ. 2019ರಲ್ಲಿ ಅದು ಅಳಿವಿನಂಚಿನ ಕೆಂಪು ಪಟ್ಟಿಗೆ ಸೇರಿತು. ಆಳಗಡಲ ಗಣಿಯ ಭಯದಿಂದಲೇ ಆ ಪಟ್ಟಿ ಸೇರಿದ ಮೊದಲ ಜೀವಿ. ಕಂಡು ಹದಿನೆಂಟೇ ವರ್ಷ.

ಪೆರ್ಲದಿಂದ

ಇಷ್ಟು ದಿನ ಓದುತ್ತಿದ್ದೆ, ಬರೆದಿರಲಿಲ್ಲ. ನಮ್ಮದು ಗುಡ್ಡದ ಊರು, ಕಡಲು ಕಾಣುವುದಿಲ್ಲ. ಆದರೆ "ಜನರಿಲ್ಲದ ಕಡೆ" ಅನ್ನುವ ಮಾತು ಓದಿದಾಗ ಕೈ ತಡೆಯಲಿಲ್ಲ.

ನಮ್ಮ ಎಣ್ಮಕಜೆ ಕಡೆ ಗೇರು ತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಹಾಕಲು ಶುರು ಮಾಡಿದಾಗಲೂ ಹೀಗೇ. ಗುಡ್ಡದಲ್ಲಿ ಯಾರಿದ್ದಾರೆ ಅಂತ. ಇಪ್ಪತ್ತು ವರ್ಷಕ್ಕೂ ಹೆಚ್ಚು ಸುರಿದರು, 2000ದಲ್ಲಿ ನಿಂತಿತು. ದೇಶದಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು 2011ರಲ್ಲಿ. ಮೊದಲು ಸತ್ತದ್ದು ಜೇನು. ಆಮೇಲೆ ತೋಡಿನ ಮೀನು, ಕಪ್ಪೆ. ಮಕ್ಕಳ ವಿಷಯ ನಿಮಗೆಲ್ಲ ಗೊತ್ತಿದೆ. ನಮ್ಮ ಮನೆಯಲ್ಲೇ ಒಬ್ಬಳಿದ್ದಾಳೆ, ನನ್ನ ಅಕ್ಕನ ಮಗಳು. ಅವಳಿಗೆ ಈಗ ಮೂವತ್ತು ದಾಟಿತು, ಎತ್ತಿ ಕೂರಿಸಬೇಕು.

ಸುರಿಯುವ ಮೊದಲು ಯಾರೂ ಬಂದು ನೋಡಲಿಲ್ಲ. ನೋಡಲು ಬಂದದ್ದೆಲ್ಲ ಆಮೇಲೆ, ಒಂದರ ಹಿಂದೆ ಒಂದು ಸಮಿತಿ. ಜೇನು ಸತ್ತದ್ದನ್ನು ನಮ್ಮವರು ಕಣ್ಣಾರೆ ಕಂಡಿದ್ದರು, ಹೇಳಿಯೂ ಇದ್ದರು. ಆ ಕತ್ತಲಿನಲ್ಲಿ ಮೊದಲು ಏನು ಸತ್ತಿತು ಅಂತ ಹೇಳುವವರು ಯಾರಿದ್ದಾರೆ?

ಉಪ್ಪಳ-ಚೆನ್ನೈ

ಅಣ್ಣ, ನೀವು ಬರೆದದ್ದು ಓದಿ ಸುಮ್ಮನೆ ಕೂತೆ. ನಾನು ಆ ಮಾತು ಹಾಗೆ ಬರೆಯಬಾರದಿತ್ತು.

ನನ್ನದೇ ಕೆಲಸದ ಒಂದು ವಿಷಯ ಸೇರಿಸುತ್ತೇನೆ. ಈಗ ಎಷ್ಟೋ ಇಲೆಕ್ಟ್ರಿಕ್ ಗಾಡಿಗಳಲ್ಲಿ ಹಾಕುವ ಕಬ್ಬಿಣ-ಫಾಸ್ಫೇಟ್ ಬ್ಯಾಟರಿಗೆ ಕೋಬಾಲ್ಟೂ ಬೇಡ, ನಿಕ್ಕಲೂ ಬೇಡ. ಹಳೆ ಬ್ಯಾಟರಿಯಿಂದ ಲೋಹ ವಾಪಸ್ ತೆಗೆಯಲೂ ಬರುತ್ತದೆ. ಹಾಗಾಗಿ ಇವತ್ತೇ ತಳ ಉಳದಿದ್ದರೆ ಗಾಡಿ ನಿಲ್ಲುತ್ತದೆ ಅನ್ನುವಂತಿಲ್ಲ. ಇಳಿಯುವುದನ್ನು ಮಾತ್ರ ನಿಲ್ಲಿಸಬಾರದು ಅನ್ನುವ ಮಾತಿಗೆ ನಾನು ಈಗಲೂ ಗಟ್ಟಿ. ನೋಡಲು ಇಳಿಯುವುದು ಬೇರೆ, ತೋಡಲು ಇಳಿಯುವುದು ಬೇರೆ.

ಮೊಗ್ರಾಲ್ ಬದಿ

ಇದರಲ್ಲಿ ಮಾತಾಡುವ ಹಕ್ಕು ಯಾರಿಗಿದೆ? ಕೇರಳಕ್ಕಾ, ದೆಹಲಿಗಾ, ಯಾರಿಗೂ ಇಲ್ವಾ?

ಕೊಚ್ಚಿಯ ಕುಂಬಳೆ ಹುಡುಗಿ

ದಡದಿಂದ 12 ನಾಟಿಕಲ್ ಮೈಲಿವರೆಗೆ ಮೀನುಗಾರಿಕೆ ರಾಜ್ಯದ್ದು. ಅಲ್ಲಿಂದ 200ರವರೆಗೆ ಕೇಂದ್ರದ್ದು. ಅದರಾಚೆ ಯಾರದ್ದೂ ಅಲ್ಲ, ಎಲ್ಲರದ್ದು. ಅಲ್ಲಿನ ತಳದ ಖನಿಜಕ್ಕೆ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಅಂತರರಾಷ್ಟ್ರೀಯ ಪ್ರಾಧಿಕಾರ ಇದೆ. ಗಣಿ ಸದ್ಯಕ್ಕೆ ತಡೆಯಿರಿ ಅಂತ ಮೂವತ್ತಕ್ಕೂ ಹೆಚ್ಚು ದೇಶಗಳು ಕೇಳಿವೆ. ಆಚೆ ಕಡಲಿನ ಜೀವಿಗಳನ್ನು ಕಾಪಾಡಲು 2023ರಲ್ಲಿ ಹೊಸ ಒಪ್ಪಂದ ಆಯಿತು. ಭಾರತ 2024ರ ಸೆಪ್ಟೆಂಬರಿನಲ್ಲಿ ಸಹಿ ಹಾಕಿತು. 2026ರ ಜನವರಿ 17ರಿಂದ ಅದು ಜಾರಿಗೆ ಬಂದಿದೆ.

ಮಂಜೇಶ್ವರ ತಂಡೇಲ

ಕೊಲ್ಲಂ ಎದುರಿನ ಕಡಲ ಮರಳಿನ ಬ್ಲಾಕು ಹರಾಜಿಗೆ ಇಟ್ಟಾಗ 2025ರ ಫೆಬ್ರವರಿ 27ರಂದು ಕೇರಳದ ಕರಾವಳಿ ಇಡೀ ಬಂದ್ ಮಾಡಿತು. ಬೋಟು ಹೋಗಲಿಲ್ಲ, ಮಾರ್ಕೆಟು ತೆರೆಯಲಿಲ್ಲ. ನಾನೂ ಇದ್ದೆ. ಅದು ಐವತ್ತು ಅರವತ್ತು ಮೀಟರಿನ ಆಳ, ನಮ್ಮ ಮೀನಿನ ಜಾಗ, ಹಾಗಾಗಿ ನಮಗೆ ಗೊತ್ತಾಯಿತು. ಅದೇ ಹರಾಜಿನಲ್ಲಿ ಗ್ರೇಟ್ ನಿಕೋಬಾರಿನ ಎದುರಿನ ಆಳದ ಗಂಟಿನ ಏಳು ಬ್ಲಾಕೂ ಇದ್ದವು ಅಂತ ನಮಗೆ ಆಗ ತಲೆಗೆ ಹೋಗಿರಲಿಲ್ಲ.

ಲೈಟ್ ಫಿಶಿಂಗ್ ವಿಷಯವೂ ಈಗ ಅರ್ಥ ಆಯಿತು. ರಾತ್ರಿ ಜನರೇಟರ್ ಇಟ್ಟು ದೊಡ್ಡ ಲೈಟು ಬಿಟ್ಟರೆ ಮೀನು ಮರಿ ಎಲ್ಲ ಬಂದು ಸೇರುತ್ತದೆ. 2017ರಲ್ಲೇ ನಿಷೇಧ ಆಗಿದೆ, ಆದರೂ ಮಾಡುವವರಿದ್ದಾರೆ. ಕತ್ತಲಿಗೆ ಕಾದು ಮೇಲೆ ಬರುವ ಜೀವಿಗಳಿಗೆ ಆ ಲೈಟು ಏನು ಮಾಡೀತು ಅಂತ ಯೋಚಿಸಿರಲಿಲ್ಲ.

ಟೀಚರ್, ಆಗಸ್ಟ್ ಒಂದಕ್ಕೆ ಬೋಟು ಇಳಿಯುತ್ತದೆ. ನವೆಂಬರಿನ ಮೇಲೆ ನನ್ನ ಭಾವನ ಮಗ ಕೊಲ್ಲಂ ಬೋಟಿಗೆ ಹೋಗುತ್ತಾನೆ, ಅವನ ಹತ್ತಿರ ಫೋನು ಉಂಟು. ಏನು ಬರೆದು ಇಡಬೇಕು ಹೇಳಿ. ಮೊಟ್ಟೆ ಇದ್ದ ಸಿಗಡಿ, ಕೊಂಬೆ ಸಿಕ್ಕಿದ ಜಾಗ, ಎಲ್ಲ ಬರೆಸುತ್ತೇನೆ.

ಕೊಚ್ಚಿಯ ಕುಂಬಳೆ ಹುಡುಗಿ

ಅಣ್ಣ, ಇಷ್ಟು ಸಾಕು: ತಾರೀಕು, ಹೊತ್ತು, ಎಷ್ಟು ಮಾರು, ಜಿಪಿಎಸ್‌ನ ಅಂಕೆ. ಒಂದು ಬುಟ್ಟಿ ಸಿಗಡಿಯಲ್ಲಿ ನೂರು ಎಣಿಸಿ, ಅದರಲ್ಲಿ ಮೊಟ್ಟೆ ಇದ್ದದ್ದು ಎಷ್ಟು ಅಂತ. ಕೊಂಬೆ ಸಿಕ್ಕಿದರೆ ಫೋಟೊ ತೆಗೆದು ಆ ಜಾಗದ ಅಂಕೆ ಮರೆಯದೆ ಬರೆಯಲಿ. ಗುರುತು ಗೊತ್ತಿಲ್ಲದ ಮೀನಿನ ಫೋಟೊ ತೆಗೆಯುವಾಗ ಪಕ್ಕದಲ್ಲಿ ಅಳತೆಗೆ ಸ್ಕೇಲ್ ಇಡಬೇಕು.

ಶಿರಿಯದ ಟೀಚರ್

ನೋಟ್‌ಬುಕ್ ನಮ್ಮ ಮಕ್ಕಳು ಗೆರೆ ಹಾಕಿ ಕೊಡುತ್ತಾರೆ. ಮೇಲೆ ಹೆಸರು ಬರೆದೂ ಆಯಿತು: "ಕಡಲ ಜಿಟಿಜಿಟಿ ಪುಸ್ತಕ". ನೀರು ಬಿದ್ದರೂ ಹಾಳಾಗದ ಹಾಗೆ ಪ್ಲಾಸ್ಟಿಕ್ ಹೊದಿಕೆ ಹಾಕಿಸುತ್ತೇನೆ.

ಮಂಜೇಶ್ವರ ತಂಡೇಲ

ಸ್ಕೇಲು ಬೋಟಿನಲ್ಲಿ ಎಲ್ಲಿ ಉಳಿಯುತ್ತದೆ. ಬೆಂಕಿಪೆಟ್ಟಿಗೆ ಇಟ್ಟರೆ ಆಗುತ್ತದಾ?

ಕೊಚ್ಚಿಯ ಕುಂಬಳೆ ಹುಡುಗಿ

ಆಗುತ್ತದೆ ಅಣ್ಣ. ಪ್ರತಿ ಸಲವೂ ಅದೇ ಬ್ರ್ಯಾಂಡಿನದ್ದು ಇಡಲು ಹೇಳಿ.